ಕಡ್ಡಿ ಸಮೇತ ಹೂವು

ಚಳ್ಳಕೆರೆ ಪೇಟೆಯಲ್ಲಿ ಹೂ ಮಾರುವ ಅಕ್ಕನ ಹತ್ತಿರ ಹೋಗಿ, "ಅಕ್ಕ, ಸೇವಂತಿಗೆ ಕಡ್ಡಿ ಸಮೇತ ಸಿಗುತ್ತಾ?" ಅಂದೆ. ಮಾರು ಹಾಕುತ್ತಿದ್ದ ಕೈ ಹಾಗೇ ನಿಂತಿತು. "ಕಡ್ಡಿ ತಗಂಡು ಏನ್ ಮಾಡ್ತೀಯಣ್ಣ? ಯಾವ ದೇವ್ರಿಗೆ ಕಡ್ಡಿ ಏರಿಸ್ತಾರೆ?" ಪಕ್ಕದ ತಳ್ಳುಗಾಡಿಯ ಹಣ್ಣಿನವನೂ ನಕ್ಕ. ಅವಳ ಮುಂದಿನ ಪುಟ್ಟಿಗಳಲ್ಲಿ ಸೇವಂತಿಗೆ ಇತ್ತು, ಚೆಂಡು ಹೂ ಇತ್ತು, ಕಾಕಡ ಇತ್ತು, ಕನಕಾಂಬರ ಇತ್ತು. ಒಂದಕ್ಕೂ ಕುತ್ತಿಗೆಯಿಂದ ಕೆಳಗೆ ಏನೂ ಇರಲಿಲ್ಲ.

ನಾನು ಕಡ್ಡಿ ಹುಡುಕಿಕೊಂಡು ಹೊರಟದ್ದಕ್ಕೆ ಕಾರಣ ಮೇಷ್ಟ್ರಾದ ಒಬ್ಬ ಗೆಳೆಯ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದ ಅವನು, ಗಾಜಿನ ಮನೆಯ ನೂಕುನುಗ್ಗಲು ತಪ್ಪಿಸಿಕೊಳ್ಳಲು ಡಾ. ಎಂ.ಎಚ್. ಮರಿಗೌಡ ಸ್ಮಾರಕ ಭವನದೊಳಗೆ ನುಗ್ಗಿದ್ದನಂತೆ. ಅಲ್ಲಿ ಮೈಸೂರು ಉದ್ಯಾನ ಕಲಾ ಸಂಘದವರು ಏರ್ಪಡಿಸುವ ಪೂರಕ ಕಲೆಗಳ ಸ್ಪರ್ಧೆ ನಡೆಯುತ್ತದೆ. ತರಕಾರಿ ಕೆತ್ತನೆ, ಬೋನ್ಸಾಯ್, ಒಣಹೂವಿನ ಜೋಡಣೆಗಳ ಜೊತೆಗೆ ಜಪಾನಿನ ಇಕೆಬಾನ. "ಮೂರು ಕಡ್ಡಿ, ಎರಡು ಹೂವು, ಒಂದು ತಟ್ಟೆ. ಅಷ್ಟೇ ಕಣಯ್ಯ. ನಮ್ಮೂರಲ್ಲಿ ಯಾಕೆ ಮಾಡಬಾರದು?" ಎಂದು ಕೇಳಿದ. ಲಾಲ್‌ಬಾಗಿನ ಗಾಜಿನ ಮನೆಯನ್ನು ತುಂಬಲು ಲಕ್ಷಗಟ್ಟಲೆ ಹೂ ಬೇಕು. ಮಳೆಯೇ ಮುಖ ತೋರಿಸದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಅಷ್ಟು ಹೂ ತರಲು ಹೊರಟರೆ ಟ್ಯಾಂಕರ್ ನೀರಿಗೇ ದುಡ್ಡು ಮುಗಿಯುತ್ತದೆ. ಇಕೆಬಾನದ ಲೆಕ್ಕ ಬೇರೆ. ಅದಕ್ಕೆ ಬೇಕಾದ್ದು ಕಡ್ಡಿ, ಕೊಂಬೆ ಮತ್ತು ಬಯಲು. ಈ ಮೂರಕ್ಕೆ ನಮ್ಮಲ್ಲಿ ಯಾವತ್ತೂ ಬರ ಬಂದಿಲ್ಲ.

ಆದರೆ 'ಅಷ್ಟೇ' ಎಂದು ಗೆಳೆಯ ಹೇಳಿದನಲ್ಲ, ಆ ಅಷ್ಟರೊಳಗೆ ಏನೇನಿದೆ ಎಂದು ತಿಳಿಯದೆ ಸಮುದಾಯ ಭವನ ಬುಕ್ ಮಾಡಿದರೆ ಕೆಟ್ಟೆವು. ನಮ್ಮ ಕೈಗೆ ರೂಢಿಯಾಗಿರುವುದು ಹೂವನ್ನು ತೊಟ್ಟಿನಿಂದ ಬಿಡಿಸಿ, ಒತ್ತೊತ್ತಾಗಿ ಕಟ್ಟಿ, ನಡುವೆ ನೂಲೂ ಕಾಣದ ಹಾಗೆ ತುಂಬುವುದು. ಹಾರ ತೆಳುವಾದರೆ ಕಟ್ಟಿದವಳಿಗೆ ಮರ್ಯಾದೆಯಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಬೀಳುವ ಹಾರಗಳನ್ನು ನೆನೆಸಿಕೊಳ್ಳಿ, ಒಂದೊಂದನ್ನು ಹೊರಲು ಆಳು ಬೇಕು. ಇಕೆಬಾನ ಇದಕ್ಕೆ ತಿರುಗುಮುರುಗು. ಅಲ್ಲಿ ಹೂವಿಗಿಂತ ದಂಟು ಮುಖ್ಯ, ದಂಟಿಗಿಂತ ಎರಡು ದಂಟುಗಳ ನಡುವಿನ ಖಾಲಿ ಮುಖ್ಯ. ಆ ಹೆಸರಿಗೇ 'ಹೂವನ್ನು ಬದುಕಿಸಿ ಇಡುವುದು' ಎಂಬ ಅರ್ಥವಿದೆ.

ಅದು ಹುಟ್ಟಿದ್ದು ಬುದ್ಧನ ಮುಂದೆ ಇಡುವ ಹೂವಿನಿಂದ. 6ನೇ ಶತಮಾನದಲ್ಲಿ ಬೌದ್ಧ ಧರ್ಮ ಚೀನಾ, ಕೊರಿಯಾಗಳನ್ನು ದಾಟಿ ಜಪಾನಿಗೆ ಹೋದಾಗ ಪೂಜೆಯ ಹೂವೂ ಜೊತೆಗೆ ಹೋಯಿತು. ಕ್ಯೋಟೋ ನಗರದ ರೊಕ್ಕಾಕುಡೊ ದೇವಾಲಯದ ಪೂಜಾರಿಗಳು ಕೊಳದ ದಂಡೆಯಲ್ಲಿ ವಾಸವಿದ್ದರು. ಕೊಳದ ಬಳಿಯ ಗುಡಿಸಲು ಎಂಬ ಅರ್ಥದ 'ಇಕೆನೊಬೊ' ಎಂಬುದೇ ಅವರ ಮನೆತನಕ್ಕೂ ಅವರ ಹೂ ಜೋಡಣೆಯ ಪರಂಪರೆಗೂ ಹೆಸರಾಯಿತು. 1462ರಲ್ಲಿ ಒಬ್ಬ ಭಿಕ್ಷು ಬರೆದಿಟ್ಟ ದಿನಚರಿಯಲ್ಲಿ ಇಕೆನೊಬೊ ಸೆಂಕೆಯ್ ಎಂಬುವನ ಪ್ರಸ್ತಾಪ ಬರುತ್ತದೆ. ಅವನು ಚಿನ್ನದ ಹೂದಾನಿಗಳಲ್ಲಿ ಜೋಡಿಸಿದ ಹೂವನ್ನು ನೋಡಲು ಊರಿನ ರಸಿಕರು ನಾ ಮುಂದು ತಾ ಮುಂದು ಎಂದು ಬಂದರಂತೆ. ಇಕೆಬಾನದ ಚರಿತ್ರೆ ಶುರುವಾಗುವುದೇ ನೋಡಲು ಬಂದವರ ಸಾಲಿನಿಂದ ಅನ್ನಿ. 1599ರಲ್ಲಿ ಅದೇ ಮನೆತನದ ಸೆಂಕೊ, ಕ್ಯೋಟೋದ ದಾಯಿಉನ್‌ಇನ್ ದೇವಾಲಯದಲ್ಲಿ ತನ್ನ ನೂರು ಜನ ಶಿಷ್ಯರ ನೂರು ಹೂದಾನಿಗಳನ್ನು ಸಾಲಾಗಿ ಇಡಿಸಿ ಜನರಿಗೆ ತೋರಿಸಿದ.

ಮೊಳಕಾಲ್ಮೂರಿನವರು ಇದನ್ನು ದೂರದ ಕಥೆಯೆಂದು ಕೇಳಬೇಕಾಗಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಪತ್ತೆ ಹಚ್ಚಿದರು. ತಾನು ಸಂಘವನ್ನು ಸೇರಿ ಶ್ರದ್ಧೆಯಿಂದ ದುಡಿದೆನೆಂದು ಅಶೋಕ ಹೇಳಿಕೊಂಡದ್ದು ಕ್ರಿ.ಪೂ. 3ನೇ ಶತಮಾನದಲ್ಲೇ ಇಲ್ಲಿನ ಇಸಿಲ ಪಟ್ಟಣದ ಅಧಿಕಾರಿಗಳಿಗೆ ತಲುಪಿತ್ತು. ಬರೆದ ಲಿಪಿಕಾರ ಚಪಡ, ಬ್ರಾಹ್ಮಿಯಲ್ಲಿ ಎಲ್ಲ ಕೆತ್ತಿ ಕೊನೆಗೆ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೆತ್ತಿದ. ಜಪಾನಿಗೆ ಬುದ್ಧ ಹೋಗುವುದಕ್ಕೆ ಎಂಟು ಶತಮಾನ ಮೊದಲೇ ಅವನ ಮಾತು ನಮ್ಮ ಗುಡ್ಡದಲ್ಲಿತ್ತು. ಆ ಧರ್ಮದ ಹೂವು ಸುತ್ತು ಹಾಕಿಕೊಂಡು ಈ ಗುಡ್ಡದ ಬುಡಕ್ಕೆ ಮತ್ತೆ ಬಂದರೆ ಪರದೇಶದ ಶೋಕಿ ಎಂದು ಮೂಗು ಮುರಿಯಲಾಗದು.

ಈಗ ನಿಜವಾದ ತೊಡಕಿಗೆ ಬರೋಣ. ಇಕೆಬಾನಕ್ಕೆ ಬಹುಕಾಲದಿಂದ ಇದ್ದ ಜಾಗ ಜಪಾನಿ ಮನೆಯ ಗೋಡೆಯಲ್ಲಿನ ಗೂಡು, ಅವರ ಭಾಷೆಯಲ್ಲಿ ತೊಕೊನೊಮ. ಒಂದು ಮನೆ, ಒಂದು ಗೂಡು, ಒಂದು ಜೋಡಣೆ. ಎದುರಿಗೆ ಚಾಪೆಯ ಮೇಲೆ ಕೂತ ಒಬ್ಬ ಅತಿಥಿ. ಹಿಂದೆ ಗೋಡೆ, ಪಕ್ಕದಲ್ಲಿ ಯಾರ ಗದ್ದಲವೂ ಇಲ್ಲ. ಅದನ್ನು ಹೊರಗೆ ತಂದು ಜನ ನಿಂತು ನೋಡುವ ಹಜಾರದಲ್ಲಿ ಇಪ್ಪತ್ತೈದನ್ನು ಒಟ್ಟಿಗೆ ಇಟ್ಟರೆ ಏನಾಗುತ್ತದೆ? ಒಂದರ ಖಾಲಿಯೊಳಕ್ಕೆ ಇನ್ನೊಂದರ ಕೊಂಬೆ ನುಗ್ಗುತ್ತದೆ. ಇಕೆಬಾನದ ಪ್ರದರ್ಶನ ಏರ್ಪಡಿಸುವುದು ಎಂದರೆ ಇಪ್ಪತ್ತೈದು ಗೂಡುಗಳನ್ನು ಗೋಡೆಯಿಲ್ಲದೆ ಕಟ್ಟುವುದು.

ಜಪಾನಿನವರೂ ಈ ತೊಡಕನ್ನು ಒಂದೇ ದಿನದಲ್ಲಿ ಬಿಡಿಸಲಿಲ್ಲ. 19ನೇ ಶತಮಾನದ ಕೊನೆಗೆ ಪಶ್ಚಿಮದ ಮೇಜು ಕುರ್ಚಿಗಳು, ಬೇರೆ ಬಗೆಯ ಹೂವುಗಳು ಅಲ್ಲಿನ ಮನೆಗಳಿಗೆ ಬಂದವು. ಆಗ ಒಹಾರಾ ಉನ್‌ಶಿನ್ ಎತ್ತರದ ಹೂದಾನಿ ಬಿಟ್ಟು, ಅಗಲ ತಟ್ಟೆಯಲ್ಲಿ ನೀರು ನಿಲ್ಲಿಸಿ, ಗಿಡಗಳು ಕೆರೆಯಂಚಿನಲ್ಲಿ ಬೆಳೆದ ಹಾಗೆ ಜೋಡಿಸುವ 'ಮೊರಿಬಾನ' ಶೈಲಿಯನ್ನು ತಂದ. 1927ರಲ್ಲಿ ಸೊಗೆತ್ಸು ಪಂಥ ಕಟ್ಟಿದ ತೆಶಿಗಹಾರಾ ಸೊಫು ಇನ್ನೂ ಮುಂದೆ ಹೋದ. ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಯಾವ ಸಾಮಾನಿನಿಂದ ಬೇಕಾದರೂ ಇಕೆಬಾನ ಮಾಡಬಹುದು ಎಂಬುದು ಆ ಪಂಥದ ನಿಲುವು; ಒಣಕೊಂಬೆ, ಕಬ್ಬಿಣದ ಚೂರುಗಳಿಗೂ ಅಲ್ಲಿ ಜಾಗವಿದೆ. ಈಗ ಜಪಾನಿನಲ್ಲಿ ದೊಡ್ಡ ದೊಡ್ಡ ಅಂಗಡಿಗಳ ಮಹಡಿಗಳಲ್ಲೇ ಇಕೆಬಾನ ಪ್ರದರ್ಶನಗಳು ನಡೆಯುತ್ತವೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯವರು ಸೊಫುವಿನ ದಾರಿ ಹಿಡಿದರೆ ಸಾಮಾನಿಗೆ ಪರದಾಡಬೇಕಾಗಿಲ್ಲ. ಗಿರಣಿಯ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದ ಹಲ್ಲುಗಾಲಿಯೊಂದೇ ಸಾಕು.

ಜೋಡಣೆಯ ಲೆಕ್ಕ ಸರಳ. ಸೊಗೆತ್ಸು ಪಂಥದಲ್ಲಿ ಮೂರು ಮುಖ್ಯ ಕಡ್ಡಿಗಳು: ಶಿನ್, ಸೋಯೆ, ಹಿಕಾಯೆ. ತಟ್ಟೆಯ ಅಗಲ ಮತ್ತು ಆಳ ಕೂಡಿಸಿ ಒಂದೂವರೆ ಪಟ್ಟು ಮಾಡಿದರೆ ಶಿನ್‌ನ ಉದ್ದ. ತಟ್ಟೆ 30 ಸೆಂ.ಮೀ. ಅಗಲ, 6 ಸೆಂ.ಮೀ. ಆಳ ಇದ್ದರೆ 36ರ ಒಂದೂವರೆ ಪಟ್ಟು 54 ಸೆಂ.ಮೀ. ಅದರ ಮುಕ್ಕಾಲು, ಅಂದರೆ 40 ಸೆಂ.ಮೀ. ಚಿಲ್ಲರೆ, ಸೋಯೆ. ಸೋಯೆಯ ಮುಕ್ಕಾಲು, ಸುಮಾರು 30 ಸೆಂ.ಮೀ., ಹಿಕಾಯೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಶಿನ್ ಒಂದು ಮೊಳಕ್ಕೆ ಸ್ವಲ್ಪ ಮೇಲೆ. ನೆಟ್ಟಗೆ ನಿಲ್ಲುವ ಮೂಲ ಶೈಲಿಯಲ್ಲಿ ಶಿನ್ ಸುಮಾರು 15 ಡಿಗ್ರಿ ವಾಲುತ್ತದೆ, ಸೋಯೆ 45, ಹಿಕಾಯೆ 75. ಉಳಿದ ಹೂವು, ಎಲೆಗಳು ಈ ಮೂರರ ಊಳಿಗಕ್ಕೆ.

ಇವನ್ನು ನಿಲ್ಲಿಸುವುದು ಕೆನ್ಜಾನ್. ಸೀಸದ ದಪ್ಪ ಬಿಲ್ಲೆ, ಮೇಲೆ ಒತ್ತಾಗಿ ಹಿತ್ತಾಳೆಯ ಮೊಳೆಗಳು. ಆ ಹೆಸರಿಗೆ ಕತ್ತಿಬೆಟ್ಟ ಎಂದರ್ಥ. ಕೊಂಬೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ಗಟ್ಟಿ ಕಡ್ಡಿಯಾದರೆ ತುದಿ ಸೀಳಿ, ಮೊದಲು ನೆಟ್ಟಗೆ ಒತ್ತಬೇಕು, ಆಮೇಲೆ ಬೇಕಾದ ಕಡೆಗೆ ವಾಲಿಸಬೇಕು. ಎತ್ತರದ ಹೂದಾನಿಯಾದರೆ ಕೆನ್ಜಾನ್ ಇಲ್ಲದೆಯೂ ನಡೆಯುತ್ತದೆ. ಹೂದಾನಿಯ ಬಾಯೊಳಗೆ ಅಡ್ಡಕ್ಕೆ ಒಂದು ಕವೆಕಡ್ಡಿ ಬಿಗಿದು ಅದಕ್ಕೆ ಕೊಂಬೆಯನ್ನು ಆನಿಸುತ್ತಾರೆ. ಕವೆಯ ಕೆಲಸ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಲಿಗೆ, ಹಂದರಕ್ಕೆ, ಚಾಟರಬಿಲ್ಲಿಗೆ ಕವೆ ಆರಿಸಿಯೇ ಬೆಳೆದವರು ನಾವು.

ಮುಳ್ಳುಕೊಂಬೆಯ ಕೆಲಸವೂ ಹಾಗೆಯೇ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಬಳಿ ಕಾಡುಗೊಲ್ಲರ ಕ್ಯಾತೇದೇವರ ಜಾತ್ರೆಯಲ್ಲಿ ಬಾರೆಮುಳ್ಳನ್ನು ಒಟ್ಟಿ ಗುಡಿ ಕಟ್ಟುತ್ತಾರೆ. ಬರಿಗಾಲಲ್ಲಿ ಅದನ್ನು ಹತ್ತಿ ಕಳಸ ಕೀಳುತ್ತಾರೆ. ಮುಳ್ಳಿನ ಮೇಲೆ ಮುಳ್ಳು ಹೇಗೆ ಕೂರುತ್ತದೆ, ಯಾವ ಕೊಂಬೆ ಯಾವುದನ್ನು ಹಿಡಿದುಕೊಳ್ಳುತ್ತದೆ ಎಂದು ಗೊತ್ತಿದ್ದವರು ಮಾತ್ರ ಕಟ್ಟಬಲ್ಲ ಗುಡಿ ಅದು. ಪ್ರದರ್ಶನದ ತಯಾರಿಗೆ ಬೆಂಗಳೂರಿನಿಂದ ಒಬ್ಬ ಇಕೆಬಾನ ಶಿಕ್ಷಕಿಯನ್ನು ಕರೆಸುವುದು ಸರಿ. ಕೊಂಬೆ ಆರಿಸಲು ಮಾತ್ರ ಹಟ್ಟಿಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಯಾವ ಕಾಲಕ್ಕೆ ಇಟ್ಟುಕೊಳ್ಳಬೇಕು? ನಾಯಕನಹಟ್ಟಿ ತೇರು ಫಾಲ್ಗುಣದಲ್ಲಿ. ಆಗ ಬಿಸಿಲು ಏರಿರುತ್ತದೆ, ಜನರಿಗೂ ಪುರುಸೊತ್ತಿರುವುದಿಲ್ಲ. ಡಿಸೆಂಬರ್–ಜನವರಿ ಒಳ್ಳೆಯದು. ರಾತ್ರಿ ಚಳಿಯಿರುತ್ತದೆ, ಹೂವು ತಡೆಯುತ್ತದೆ. ಬಾರೆಗಿಡದಲ್ಲಿ ಹಣ್ಣಿರುತ್ತದೆ. ಮಳೆ ಚೆನ್ನಾಗಿ ಬಿದ್ದ ವರ್ಷವಾದರೆ ಕಾವಲಿನ ಅಂಚಿನಲ್ಲಿ ತಂಗಡೆಯ ಹಳದಿ ಇನ್ನೂ ಉಳಿದಿರುತ್ತದೆ. ಜಾಲಿಯ ಬೆಳ್ಳನೆಯ ಮುಳ್ಳು, ಕಾವಲಿನ ಒಣಹುಲ್ಲು, ಜೋಳದ ತೆನೆ, ಎಕ್ಕದ ಗೊಂಚಲು, ಇಷ್ಟಿದ್ದರೆ ಯಾವ ಊರಿನ ಪ್ರದರ್ಶನವೂ ನಮ್ಮದರ ಹಾಗಿರುವುದಿಲ್ಲ. ತರಿಸುವುದಾದರೆ ಸೇವಂತಿಗೆಯೊಂದನ್ನು ಮಾತ್ರ, ಅದೂ ಬೆಳೆಗಾರನ ಹೊಲಕ್ಕೇ ಹೋಗಿ, ದಂಟು ಸಮೇತ ಕೊಯ್ಸಿ. ಜಪಾನಿನ ರಾಜಮನೆತನದ ಲಾಂಛನವೂ ಸೇವಂತಿಗೆಯೇ, ಹದಿನಾರು ಎಸಳಿನದು. ಅವರ ಅರಮನೆಯ ಹೂವು ನಮ್ಮ ಪೇಟೆಯ ಪುಟ್ಟಿಯಲ್ಲಿ ಕಿಲೋ ಲೆಕ್ಕ.

ಕೊಯ್ದ ಮೇಲೆ ನೀರು ಕುಡಿಸುವುದು ದೊಡ್ಡ ವಿದ್ಯೆ. ಇದನ್ನು ನಾನು ಕೆಟ್ಟು ಕಲಿತೆ. ಮೊದಲ ಸಲ ಮನೆಯಲ್ಲಿ ಬೆಳಿಗ್ಗೆ ಜೋಡಿಸಿದ ಸೇವಂತಿಗೆ, ಮಧ್ಯಾಹ್ನ ಊಟದ ಹೊತ್ತಿಗೆ ತಲೆ ಬಗ್ಗಿಸಿ ತಟ್ಟೆಯ ನೀರಿಗೆ ಮೂಗು ತಾಗಿಸಿ ನಿಂತಿತ್ತು. ನೀರಿನೊಳಗೇ ನಿಂತು ಬಾಯಾರಿದ ಹೂವು! ಕಾರಣ ಆಮೇಲೆ ತಿಳಿಯಿತು. ದಂಟಿನೊಳಗೆ ನೀರೇರುವ ಸಣ್ಣ ಸಣ್ಣ ನಾಳಗಳಿವೆ. ಗಾಳಿಯಲ್ಲಿ ಕತ್ತರಿಸಿದರೆ ಅವುಗಳ ಬಾಯಿಗೆ ಗಾಳಿಗುಳ್ಳೆ ಸಿಕ್ಕಿ ನೀರಿನ ದಾರಿ ಕಟ್ಟುತ್ತದೆ. ಅದಕ್ಕೇ ದಂಟನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ನೀರಿನೊಳಗೇ ಕತ್ತರಿಸಬೇಕು. ಇದಕ್ಕೆ ಮಿಜುಕಿರಿ ಎನ್ನುತ್ತಾರೆ. ಸೇವಂತಿಗೆಗೆ ಕತ್ತರಿಯೂ ಆಗದು. ನೀರಿನೊಳಗೆ ಕೈಯಿಂದ ಲಟಕ್ಕನೆ ಮುರಿಯಬೇಕು, ಆಗ ನಾರು ನಾರಾಗಿ ತೆರೆದ ತುದಿ ನೀರನ್ನು ಚೆನ್ನಾಗಿ ಎಳೆಯುತ್ತದೆ. ಎಕ್ಕದಂಥ ಹಾಲುಗಿಡವಾದರೆ ಸೋರುವ ಹಾಲೇ ತುದಿಯನ್ನು ಮುಚ್ಚುತ್ತದೆ, ಆ ತುದಿಯನ್ನು ದೀಪದ ಉರಿಗೆ ಹಿಡಿದು ಸುಡಬೇಕು. ಗಟ್ಟಿ ಕೊಂಬೆಯ ತುದಿಯನ್ನು ಜಜ್ಜಬೇಕು. ಇಷ್ಟೆಲ್ಲ ಮಾಡಿ ಒಂದು ರಾತ್ರಿ ಬಕೆಟ್ಟಿನಲ್ಲಿ, ನೆರಳಲ್ಲಿ, ಕುತ್ತಿಗೆಯವರೆಗೆ ನೀರಿನಲ್ಲಿ ನಿಲ್ಲಿಸಬೇಕು. ಪ್ರದರ್ಶನ ಶುಕ್ರವಾರವಾದರೆ ಕೆಲಸ ಬುಧವಾರವೇ ಶುರು.

ಹಜಾರದ ಲೆಕ್ಕ ಹಾಕೋಣ. 60 ಅಡಿ ಉದ್ದ, 30 ಅಡಿ ಅಗಲದ ಸಮುದಾಯ ಭವನ ಎಂದಿಟ್ಟುಕೊಳ್ಳಿ. ನಾಲ್ಕೂ ಗೋಡೆ ಸೇರಿ 180 ಅಡಿ. ಬಾಗಿಲು, ವೇದಿಕೆಗೆ 30 ಅಡಿ ಬಿಟ್ಟರೆ 150. ಒಂದೊಂದು ಜೋಡಣೆಗೆ 6 ಅಡಿ ಕೊಟ್ಟರೆ 25 ಜೋಡಣೆ. ಒಂದಕ್ಕೆ ಹತ್ತು ಕಡ್ಡಿಯಂತೆ 250 ಕಡ್ಡಿ ಸಾಕು. "ಇನ್ನೂ ಜಾಗ ಇದೆಯಲ್ಲ, ಮಧ್ಯೆ ಮಧ್ಯೆ ನಾಲ್ಕು ಇಡೋಣ" ಎಂದು ಸಮಿತಿಯವರು ಹೇಳಿಯೇ ಹೇಳುತ್ತಾರೆ. ಒಪ್ಪಬಾರದು. ಆ 6 ಅಡಿಯಲ್ಲಿ ಎರಡಡಿ ಹೂವಿನದು, ನಾಲ್ಕಡಿ ಗೂಡಿನದು.

ಮೇಜಿನ ಎತ್ತರದಲ್ಲಿ ಎಲ್ಲರೂ ಎಡವುತ್ತಾರೆ. ತೊಕೊನೊಮದ ಮುಂದೆ ಕೂತವನ ಕಣ್ಣಿಗೆ ಕೊಂಬೆ ಎದುರಾಗಿ ನಿಲ್ಲುತ್ತದೆ. ನಮ್ಮ ಊಟದ ಮೇಜಿನ ಮೇಲಿಟ್ಟು ನಿಂತು ನೋಡಿದರೆ ನೆತ್ತಿ ಕಾಣುತ್ತದೆ, 54 ಸೆಂ.ಮೀ. ಎತ್ತರದ ಶಿನ್ ಚಪ್ಪಟೆಯಾಗುತ್ತದೆ. ಎತ್ತರದ ಹೂದಾನಿಯನ್ನು ಸೊಂಟಕ್ಕಿಂತ ಮೇಲೆ ಎತ್ತಿ ಇಡಬೇಕು. ನೀರು ಕಾಣಬೇಕಾದ ಅಗಲ ತಟ್ಟೆಯನ್ನು ತುಸು ಕೆಳಗೆ. ಮೇಜಿನ ಕೆಳಗೆ ಇಟ್ಟಿಗೆ ಕೊಟ್ಟರೆ ಆಯಿತು. ಫ್ಯಾನು ಬಂದ್. ನೇರ ಬಿಸಿಲು ಬೀಳುವ ಕಿಟಕಿಗೆ ಪರದೆ.

ಹಿನ್ನೆಲೆಗೆ ಮೊಳಕಾಲ್ಮೂರು ರೇಷ್ಮೆ ಸೀರೆ ಕಟ್ಟೋಣ ಎಂಬ ಸಲಹೆ ಬಂದೇ ಬರುತ್ತದೆ. ಭೌಗೋಳಿಕ ಸೂಚಿ ಪಡೆದ ಸೀರೆ, ಊರಿನ ಹೆಮ್ಮೆ. ಆದರೆ ಅದರ ಬುಟ್ಟಾ, ಅಂಚುಗಳ ಮುಂದೆ ಮೂರು ಕಡ್ಡಿ ನಿಂತರೆ ಕಡ್ಡಿಯನ್ನು ಯಾರೂ ನೋಡುವುದಿಲ್ಲ. ಸೀರೆಗೆ ಬಾಗಿಲಲ್ಲಿ ಪ್ರತ್ಯೇಕ ಗೌರವದ ಜಾಗ ಕೊಡಿ. ಹಿನ್ನೆಲೆಗೆ ಚಳ್ಳಕೆರೆಯ ಕರಿಕಂಬಳಿ ತನ್ನಿ. ಕರಿ ಉಣ್ಣೆ ಬೆಳಕನ್ನು ನುಂಗುತ್ತದೆ. ಅದರ ಮುಂದೆ ಒಂದು ತಂಗಡೆ ಕೊಂಬೆ ಹಚ್ಚಿಟ್ಟ ದೀಪದ ಹಾಗಿರುತ್ತದೆ. ಪಾತ್ರೆಗೂ ಪಿಂಗಾಣಿ ಹುಡುಕಬೇಡಿ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಸಿಕ್ಕ ಕಪ್ಪು–ಕೆಂಪು ಮಡಕೆಗಳನ್ನು ಪುಸ್ತಕದ ಚಿತ್ರದಲ್ಲಾದರೂ ನೋಡಿ, ನಂತರ ಕುಂಬಾರರ ಮನೆಗೆ ಹೋಗಿ. ಬಾಯಿ ಒಡೆದ ಮಡಕೆಯೂ ನಡೆಯುತ್ತದೆ.

ಉದ್ಘಾಟನೆಯನ್ನು ಹೊರಗೆ, ಶಾಮಿಯಾನದ ಕೆಳಗೆ ಮುಗಿಸಿ. ಹಾರ, ತುರಾಯಿ, ಮೈಕು, ನೆನಪಿನ ಕಾಣಿಕೆ ಯಾವುದೂ ಒಳಗೆ ಬರಬಾರದು. ಪ್ಲಾಸ್ಟಿಕ್ ಹೂವಿನ ಕಮಾನಂತೂ ಬೇಡವೇ ಬೇಡ. ಪ್ರತಿ ಜೋಡಣೆಯ ಪಕ್ಕದಲ್ಲಿ ಅಂಗೈಯಗಲದ ಒಂದು ಚೀಟಿ: ಮಾಡಿದವರ ಹೆಸರು, ಶೈಲಿ, ಬಳಸಿದ ಗಿಡಗಳ ಹೆಸರು. ಆ ಗಿಡಗಳ ಹೆಸರು ನಮ್ಮ ಬಾಯಲ್ಲಿ ಇರುವ ಹಾಗೇ ಇರಲಿ. ದಿನಾ ಆಡು ಮೇಯಿಸುವ ಹುಡುಗ ಚೀಟಿಯಲ್ಲಿ 'ಕಾರೆ, ಬಾರೆ, ತಂಗಡೆ' ಎಂದು ಓದಿ, "ಇದು ನಮ್ಮ ಹೊಲದ ಬದುವಿನಲ್ಲಿದೆ" ಎಂದು ತಂಗಿಗೆ ತೋರಿಸಿದರೆ ಮುಕ್ಕಾಲು ಕೆಲಸ ಆದಂತೆ. ಜನರನ್ನು ಹತ್ತತ್ತು ಮಂದಿಯಂತೆ ಒಳಗೆ ಬಿಡಬೇಕು. ಮೇಜಿನಿಂದ ಮೂರಡಿ ದೂರದಲ್ಲಿ ನೆಲದ ಮೇಲೆ ರಂಗೋಲಿಯ ಒಂದು ಗೆರೆ ಎಳೆದರೆ ಹಗ್ಗ ಕಟ್ಟುವುದೂ ಬೇಡ; ರಂಗೋಲಿಯನ್ನು ನಮ್ಮವರು ತುಳಿಯುವುದಿಲ್ಲ.

ಮೂರು ದಿನದ ಪ್ರದರ್ಶನವಾದರೆ ಮೂರು ದಿನವೂ ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೆ ಒಂದು ಗಂಟೆ ಮೊದಲು ಕೆಲಸವಿದೆ. ನೀರು ಬದಲಿಸಬೇಕು, ಬಾಡಿದ್ದನ್ನು ತೆಗೆಯಬೇಕು, ಉದುರಿದ ಎಸಳು ಹೆಕ್ಕಬೇಕು. ಮಾಡಿದವರೇ ಬಂದು ಮಾಡಬೇಕು. ಬೇರೆಯವರು ಮುಟ್ಟಿದರೆ ಶಿನ್ ಎತ್ತಲೋ ತಿರುಗುತ್ತದೆ. ಎರಡನೆಯ ದಿನ ಮೊಗ್ಗು ಬಿರಿದು ಜೋಡಣೆಯ ರೂಪವೇ ಬದಲಾಗಿರುವುದೂ ಉಂಟು. ಅದನ್ನು ತಪ್ಪೆಂದು ಕಿತ್ತುಹಾಕಬಾರದು, ಖಾಲಿಯನ್ನು ಮತ್ತೊಮ್ಮೆ ಅಳೆದು ಒಂದೆಲೆ ತೆಗೆದರೆ ಸಾಕು. ಕೊನೆಯ ಸಂಜೆ ಎಲ್ಲ ಬಿಚ್ಚಿ, ಕೆನ್ಜಾನಿನ ಬಾಗಿದ ಮೊಳೆಗಳನ್ನು ನೆಟ್ಟಗೆ ಮಾಡಿ, ಒರೆಸಿ ಇಡುವುದು. ಉಳಿದ ಸೊಪ್ಪಿಗೆ ಗಿರಾಕಿಗಳು ಬಾಗಿಲಲ್ಲೇ ಕಾದಿರುತ್ತವೆ. ಬಾರೆ, ಜಾಲಿ ಸೊಪ್ಪು ಬೇಡವೆನ್ನುವ ಆಡು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಪೇಟೆಯ ಅಕ್ಕನ ಮಾತಿಗೆ ಬರುತ್ತೇನೆ. ಮೂರು ದಿನ ಬಿಟ್ಟು ಹೋದಾಗ ಅವಳೇ ಕರೆದಳು. ಬೆಳೆಗಾರನಿಗೆ ಹೇಳಿ ತರಿಸಿದ್ದಳು: ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಹದಿನೈದು ಇಪ್ಪತ್ತು ಸೇವಂತಿಗೆ, ಎಲ್ಲವೂ ಕಡ್ಡಿ ಸಮೇತ, ಎಲೆ ಸಮೇತ. ದುಡ್ಡು ಎಷ್ಟು ಎಂದೆ. ಅವಳು ಒಂದು ಕಡ್ಡಿ ಎತ್ತಿ ರೂಢಿಯಂತೆ ಮೊಳಕೈಗೆ ಹಿಡಿದಳು. ಮೊಳಕೈಯಿಂದ ಬೆರಳ ತುದಿ ದಾಟಿ ಹೂವು ಆಚೆ ತೂಗಿತು. ತಕ್ಕಡಿಯ ಕಡೆ ನೋಡಿದಳು, ಮತ್ತೆ ಕಡ್ಡಿಯ ಕಡೆ ನೋಡಿದಳು.

"ಇದನ್ನ ಮೊಳಕ್ಕೆ ಹಾಕ್ಲೋ, ಕಿಲೋಗೆ ಹಾಕ್ಲೋ ನೀನೇ ಹೇಳಣ್ಣ" ಅಂದಳು.